ಮಾಲೆ ಹಾಕಿದ ಲಿಫ್ಟರ್

ಕೋವಿಡ್ ಕಳೆದು ಎರಡನೆಯ ವರ್ಷ. ಆಗ ನಾನು ವಿಶಾಖಪಟ್ಟಣದ ಮಧುರವಾಡದಲ್ಲಿ ಒಂದು ಖಾಸಗಿ ಕ್ರೀಡಾ ಕೇಂದ್ರದ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕೋಚ್. ಹೆಸರು ಉದ್ದ, ಕೆಲಸ ಸರಳ. ಆಟ ಕಲಿಸುವವರು ಬೇರೆ ಇರುತ್ತಾರೆ. ಆ ಆಟಕ್ಕೆ ಬೇಕಾದ ದೇಹ ಕಟ್ಟಿಕೊಡುವವನು ನಾನು. ಎಷ್ಟು ಭಾರ ಎತ್ತಬೇಕು, ಎಷ್ಟು ಸಲ ಎತ್ತಬೇಕು, ಯಾವಾಗ ನಿಲ್ಲಿಸಬೇಕು, ಇಷ್ಟನ್ನು ಹೇಳುವುದು. ದಾವಣಗೆರೆಯ ಗರಡಿಯಲ್ಲಿ ಬೆಳೆದ ನನಗೆ ಮೊದಲೆರಡನ್ನು ಹೇಳಿಕೊಟ್ಟವರು ಬೇಕಾದಷ್ಟು ಜನ. ಮೂರನೆಯದನ್ನು ಹೇಳಿ ಬೈಸಿಕೊಳ್ಳುವುದಕ್ಕೇ ನನಗೆ ಸಂಬಳ ಎಂಬುದು ತಡವಾಗಿ ತಿಳಿಯಿತು.

ನನ್ನ ಹುಡುಗರಲ್ಲಿ ಶಿವಕುಮಾರ ಒಬ್ಬನೇ ಕನ್ನಡದವನು. ತಂದೆ ರಂಗಪ್ಪನವರು ಭದ್ರಾವತಿಯಿಂದ ಬಂದು ಇಲ್ಲಿನ ಉಕ್ಕಿನ ಕಾರ್ಖಾನೆಗೆ ಸೇರಿದವರು, ತಾಯಿ ಗಿರಿಜಮ್ಮ. ಶಿವು ಹುಟ್ಟಿದ್ದೇ ಟೌನ್‌ಶಿಪ್‌ನಲ್ಲಿ. ಅವನ ಕನ್ನಡ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಜಗಳ, ತಮಾಷೆ, ದೇವರು ಎಲ್ಲ ತೆಲುಗಿನಲ್ಲೇ. ವೇಟ್‌ಲಿಫ್ಟಿಂಗ್‌ನಲ್ಲಿ ಮಾತ್ರ ಅಪ್ಪಟ ಬಂಗಾರ. ಹಿಂದಿನ ವರ್ಷ ಭುಜಕ್ಕೆ ಪೆಟ್ಟಾಗಿ ತಿಂಗಳುಗಟ್ಟಲೆ ಕೂತಿದ್ದ. ಆ ಡಿಸೆಂಬರಿನಲ್ಲಿ ವಿಜಯವಾಡದಲ್ಲಿ ಆಯ್ಕೆ ಟ್ರಯಲ್ಸ್ ಇತ್ತು. ಗೆದ್ದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಅದೇ ಕೊನೆಯ ಅವಕಾಶ.

ಭುಜ ವಾಸಿಯಾದರೆ ಭವಾನಿ ದೀಕ್ಷೆ ಹಿಡಿಯುತ್ತೇನೆಂದು ಅವನು ಹರಸಿಕೊಂಡಿದ್ದ. ನವೆಂಬರಿನಲ್ಲಿ ಕೆಂಪು ಬಟ್ಟೆ ಉಟ್ಟು, ಮಾಲೆ ಹಾಕಿಕೊಂಡು ಜಿಮ್‌ಗೆ ಬಂದ. ಮಂಡಲ ಕಾಲದ, ಅಂದರೆ ನಲವತ್ತೊಂದು ದಿನದ ವ್ರತ ಅದು. ತಣ್ಣೀರು ಸ್ನಾನ, ಬರಿಗಾಲು, ನೆಲದ ಮೇಲೆ ನಿದ್ದೆ, ದಿನಕ್ಕೆ ಒಂದೇ ಹೊತ್ತು ಊಟ. ಕೊನೆಗೆ ವಿಜಯವಾಡದ ಇಂದ್ರಕೀಲಾದ್ರಿ ಹತ್ತಿ, ಕನಕದುರ್ಗೆಯ ಸನ್ನಿಧಿಯಲ್ಲಿ ಇರುಮುಡಿ ಒಪ್ಪಿಸಿ ಮಾಲೆ ತೆಗೆಯಬೇಕು. ಅಲ್ಲಿಯತನಕ ಅವನನ್ನು ಯಾರೂ ಹೆಸರು ಹಿಡಿದು ಕರೆಯುವಂತಿಲ್ಲ, ಎಲ್ಲರಿಗೂ ಅವನು 'ಭವಾನಿ'. ನಿನ್ನೆಯವರೆಗೆ ಅವನ ಬೆನ್ನಿಗೆ ಗುದ್ದುತ್ತಿದ್ದ ಹುಡುಗರು ಕೈ ಮುಗಿಯತೊಡಗಿದರು. ಅವನಿಗೆ ಲಿಫ್ಟಿಂಗ್ ಕಲಿಸಿದ ಹಿರಿಯ ಕೋಚ್, ನಾವೆಲ್ಲ ಮಾಸ್ಟಾರು ಎನ್ನುತ್ತಿದ್ದವರು, ಶಿಷ್ಯನ ಕಾಲಿಗೇ ನಮಸ್ಕಾರ ಮಾಡಿದರು.

ನನಗೆ ವ್ರತದ ಮೇಲೆ ಸಿಟ್ಟಿಲ್ಲ. ಒಂದು ಹೊತ್ತು ಉಣ್ಣುವವನ ಮೇಲೆ ಎರಡು ಹೊತ್ತಿನ ಭಾರ ಹೇರುವವರ ಮೇಲೆ ಸಿಟ್ಟು. ಅವನನ್ನು ಕೂರಿಸಿಕೊಂಡು ತಾಲೀಮು ಅರ್ಧಕ್ಕಿಂತ ಕಡಿಮೆ ಮಾಡಿದೆ.

"ಪರ್ವಾಲೇದು ಸರ್, ಅಮ್ಮ ನೋಡ್ಕೋತಾಳೆ" ಎಂದ. ಅಮ್ಮ ಎಂದರೆ ಕನಕದುರ್ಗೆ.

"ಅಮ್ಮ ನೋಡ್ಕೊಳ್ಳಲಿ. ನೀರು ನೀನೇ ಕುಡೀಬೇಕು" ಎಂದೆ. ಅವನು ನಕ್ಕ. ಪಕ್ಕದಲ್ಲಿದ್ದ ಮಾಸ್ಟಾರು ನಗಲಿಲ್ಲ. ಭವಾನಿಗೆ ಹೀಗೆ ಏಕವಚನದಲ್ಲಿ ಮಾತಾಡಬಾರದು ಎಂದು ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು.

ಟ್ರಯಲ್ಸ್‌ಗೆ ವಾರ ಮೊದಲೇ ಮಾಸ್ಟಾರು ಅವನನ್ನೂ ಇನ್ನು ಕೆಲವರನ್ನೂ ವಿಜಯವಾಡದ ಒಂದು ಹಾಸ್ಟೆಲಿಗೆ ಕರೆದೊಯ್ದರು. ಉಳಿದವರನ್ನು ನೋಡಿಕೊಳ್ಳಲು ನಾನು ವಿಶಾಖಪಟ್ಟಣದಲ್ಲೇ ಉಳಿಯಬೇಕಾಯಿತು. ದಿನಾ ಫೋನ್ ಮಾಡುತ್ತಿದ್ದೆ. 'ಭವಾನಿ ಚೆನ್ನಾಗಿದ್ದಾರೆ' ಎಂಬುದೇ ಉತ್ತರ. ಟ್ರಯಲ್ಸ್‌ಗೆ ಎರಡು ದಿನವಿರುವಾಗ ಮಾಸ್ಟಾರು ಸಂಭ್ರಮದಿಂದ ಇನ್ನೊಂದು ಮಾತು ಸೇರಿಸಿದರು. ಭವಾನಿ ಮೂರು ದಿನದಿಂದ ಬೆಳಗಿನ ಪೂಜೆಗೆ ಮುಂಚೆ, ಬಾಯಿಗೆ ಹನಿ ನೀರು ಹಾಕದೆ, ಹೆಗಲ ಮೇಲೆ ಕಬ್ಬಿಣದ ಬಾರ್ ಹೊತ್ತು ನೂರೆಂಟು ಸ್ಕ್ವಾಟ್, ಅಂದರೆ ಬಸ್ಕಿ, ಮಾಡಿ ಅಮ್ಮನಿಗೆ ಅರ್ಪಿಸುತ್ತಿದ್ದಾರೆ. ಹುಡುಗರು ಬಾರ್ ಇಡುವ ಸ್ಟ್ಯಾಂಡಿಗೆ ಹೂವಿನ ಹಾರ ಹಾಕಿ, ಸುತ್ತ ನಿಂತು ಜೈಕಾರ ಹಾಕುತ್ತಾರೆ.

"ಯಾರು ಹೇಳಿದ್ದು ಹೀಗೆ ಮಾಡೋಕೆ?"

"ನೀವೇ ಅಲ್ಲವೇ ಭಾರ ಕಡಿಮೆ ಮಾಡಿ ಎಂದದ್ದು? ತೂಕದ ಬಿಲ್ಲೆ ಹಾಕದ ಖಾಲಿ ಬಾರೇ ಅದು" ಎಂದರು ಮಾಸ್ಟಾರು.

ಫೋನ್ ಇಟ್ಟೆ. ಸಿಕ್ಕ ರೈಲು ಹತ್ತಿ ಮರುದಿನ ಮಧ್ಯಾಹ್ನ ವಿಜಯವಾಡ ತಲುಪಿದೆ.

ಶಿವು ಹಾಸ್ಟೆಲಿನ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದ. ಹಿಂದಿನ ದಿನ ಬರಿಗಾಲಲ್ಲಿ ಗಿರಿ ಪ್ರದಕ್ಷಿಣೆಯೂ ಆಗಿತ್ತು. ತೊಡೆ ಮುಟ್ಟಿದೆ. ಮರದ ಹಲಗೆ ಮುಟ್ಟಿದಂತಾಯಿತು.

"ಕಾಲು ಪಟ್ಟೇಸಿದೆ ಸರ್, ಅಷ್ಟೇ" ಎಂದ. ಹಿಡಿದುಕೊಂಡಿದೆ ಎಂಬುದಕ್ಕೆ ಅದು ಅವನ ತೆಲುಗು ಬೆರೆತ ಕನ್ನಡ.

"ಮೂತ್ರ ಯಾವ ಬಣ್ಣ ಹೋಗ್ತಿದೆ?"

ಅವನು ನಾಚಿದ. ಮಾಸ್ಟಾರು ಮುಖ ತಿರುಗಿಸಿದರು. ಮಾಲೆ ಹಾಕಿದವನಿಗೆ ಕೇಳುವ ಪ್ರಶ್ನೆಯೇ ಇದು?

"ಕೆಂಪಗೆ ಹೋಗ್ತಿದೆ ಸರ್. ಬಟ್ಟೆ ಬಣ್ಣ ಬಿಡ್ತಿದೆಯಲ್ಲ, ಅದೇ."

ಬಚ್ಚಲಿಗೆ ಹೋಗಿ ನೋಡಿದೆ. ಹೊಸ ಕೆಂಪು ಪಂಚೆಗಳನ್ನು ಅಲ್ಲೇ ಒಗೆಯುತ್ತಿದ್ದರು. ನೆಲ, ಬಕೆಟ್ಟು, ಗೋಡೆಯ ಬುಡ, ಎಲ್ಲಾ ಕೆಂಪು. ಯಾರಿಗಾದರೂ ಅನುಮಾನ ಬರುವುದು ಹೇಗೆ? ಒಂದು ಬಿಳಿ ಪ್ಲಾಸ್ಟಿಕ್ ಲೋಟ ಕೊಟ್ಟು ಒಳಗೆ ಕಳುಹಿಸಿದೆ. ಬಹಳ ಹೊತ್ತಾದ ಮೇಲೆ ತಂದುಕೊಟ್ಟ. ತಳದಲ್ಲಿ ಎರಡು ಚಮಚದಷ್ಟು, ಹಾಲು ಹಾಕದ ಚಹಾದ ಬಣ್ಣ.

ಇದಕ್ಕೆ ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಹಸಿದ, ನೀರಿಲ್ಲದ ಸ್ನಾಯುವನ್ನು ಮಿತಿ ಮೀರಿ ದುಡಿಸಿದರೆ ಅದರ ಎಳೆಗಳು ಒಡೆಯುತ್ತವೆ. ಒಳಗಿನದೆಲ್ಲ ರಕ್ತಕ್ಕೆ ಸೇರಿ ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ. ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಬೇಗ ಗೊತ್ತಾದರೆ ಡ್ರಿಪ್ ಹಾಕಿ ಉಳಿಸಿಕೊಳ್ಳಬಹುದು.

ಆಸ್ಪತ್ರೆಗೆ ನಡಿ ಎಂದೆ. ಅವನು ಒಪ್ಪಲಿಲ್ಲ. ನಾಳೆ ಬೆಳಗಿನ ಜಾವ ಇರುಮುಡಿ, ಆಮೇಲೆ ಟ್ರಯಲ್ಸ್. ಬೆಟ್ಟ ಹತ್ತದೆ ಮಾಲೆ ತೆಗೆಯುವುದಿಲ್ಲ ಎಂದ. ಒಂದು ದಿನದ ಮಾತು ತಾನೇ ಎಂದರು ಮಾಸ್ಟಾರು. ನಾನು ಕೂಗಾಡಿದೆ, ಕೆಟ್ಟ ಮಾತೂ ಆಡಿದೆ. ಹುಡುಗರು ನನ್ನನ್ನೇ ಪಾಪಿಯನ್ನು ನೋಡುವಂತೆ ನೋಡಿದರು. ಕೊನೆಗೆ ರಂಗಪ್ಪನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಮಾಲೆ ಹಾಕ್ದವ್ರಿಗೆ ನಾನು ಹೆಂಗೆ ಹೇಳ್ಲಿ ಸರ್?" ಎಂದರು ಅವರು. ತಂದೆಯ ಬಾಯಲ್ಲೂ ಬಹುವಚನ.

ಅಷ್ಟರಲ್ಲಿ ಗಿರಿಜಮ್ಮ ಫೋನ್ ಕಸಿದುಕೊಂಡರು. ಸ್ಪೀಕರ್ ಹಾಕಿ ಅವನ ಮುಂದೆ ಹಿಡಿದೆ.

"ಶಿವೂ, ಮಾಲೆ ತೆಗಿ. ಸರ್ ಜೊತೆ ಹೋಗು. ಪಾಪ ಬಂದ್ರೆ ನಂಗೆ ಬರ್ಲಿ."

ದೀಕ್ಷೆ ಹಿಡಿದಾಗಿನಿಂದ ಅವನನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಅತ್ತ. ಮಾಲೆ ತೆಗೆದು ಮಾಸ್ಟಾರರ ಕೈಗಿಟ್ಟ. ಅವರು ಅದನ್ನು ಟವೆಲಿನಲ್ಲಿ ಹಿಡಿದು ಹಾಗೆಯೇ ನಿಂತರು.

ಆಸ್ಪತ್ರೆಯಲ್ಲಿ ತಡಮಾಡಲಿಲ್ಲ. ಡ್ರಿಪ್ ಹಾಕಿದರು, ಸಂಜೆಗೆ ಡಯಾಲಿಸಿಸ್ ಹಚ್ಚಿದರು. ಎರಡು ದಿನ ಮೊದಲೇ ಬರಬೇಕಿತ್ತು ಎಂದರು ಡಾಕ್ಟರು. ಬೆಳಿಗ್ಗೆ ಅತ್ತ ಟ್ರಯಲ್ಸ್ ಶುರುವಾಗುವ ಹೊತ್ತಿಗೆ ಇತ್ತ ಶಿವುವಿನ ಹೃದಯ ನಿಂತಿತು. ರಾತ್ರಿಯ ರೈಲು ಹಿಡಿದ ತಾಯಿ ತಂದೆ ಬಂದು ಮುಟ್ಟಿದ್ದು ಅದಾದ ಮೇಲೆ.

ಗಿರಿಜಮ್ಮ ಅಳಲಿಲ್ಲ. ನನ್ನನ್ನು ಕೂರಿಸಿಕೊಂಡು ಕೇಳಿದರು. "ಪಾಪ ನಂಗೆ ಬರ್ಲಿ ಅಂತ ಹೇಳಿದ್ದೆ ಸರ್. ಅವನಿಗ್ಯಾಕೆ ಬಂತು?"

ಮಾಲೆಯಿಂದಲ್ಲ, ಪೊಟ್ಯಾಸಿಯಂನಿಂದ ಎಂದೆ. ಅವರಿಗೆ ಅದು ಕೇಳಿಸಲಿಲ್ಲ. ಮಾಲೆ ತೆಗೆಸಿದ್ದಕ್ಕೇ ಮಗ ಹೋದ ಎಂದು ಅವರು ಇಂದಿಗೂ ನಂಬಿದ್ದಾರೆ. ಪ್ರತಿ ಮಾರ್ಗಶಿರದಲ್ಲಿ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ, ನಾನು ಅದೇ ಉತ್ತರ ಕೊಡುತ್ತೇನೆ. ಆ ಹಾಸ್ಟೆಲಿನಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಾದರೂ ಎರಡು ದಿನ ಮೊದಲು ಅವನನ್ನು ಹೆಸರು ಹಿಡಿದು ಕರೆದು ಗದರಿಸಿದ್ದರೆ ಆ ತಾಯಿ ಮಾಲೆ ತೆಗಿ ಎನ್ನಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬಾರ್ ಕೆಳಗೆ ನಿಂತವನು ಯಾರೇ ಆಗಿರಲಿ, ಅವನನ್ನು ಬೈದು ನಿಲ್ಲಿಸುವವನೊಬ್ಬ ಹತ್ತಿರ ಇರಬೇಕು. ಈಗಲೂ ನನ್ನ ಜಿಮ್‌ಗೆ ನವೆಂಬರಿನಲ್ಲಿ ಕೆಂಪು ಬಟ್ಟೆಯವರು ಬರುತ್ತಾರೆ. ನಾನೂ ಕೈ ಮುಗಿಯುತ್ತೇನೆ, ಭವಾನಿ ಎಂದೇ ಕರೆಯುತ್ತೇನೆ. ಆಮೇಲೆ ಬಿಳಿ ಲೋಟ ಕೊಟ್ಟು ಬಚ್ಚಲಿಗೆ ಕಳುಹಿಸುತ್ತೇನೆ.