ಸಂಖ್ಯೆ ಇಲ್ಲದ ಪಡಿಯಚ್ಚು

ಮಾವನ ವಿಷಯ ಬರೆಯುವಾಗ ಒಂದು ಮಾತೂ ತಪ್ಪಬಾರದೆಂಬ ಹೆದರಿಕೆ ನನಗೆ. ತರಗತಿಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಮಾವ ಹೇಳಿದ್ದು. ಮನೆಯಲ್ಲಿ ನಡೆದದ್ದನ್ನು ಕಂಡಿದ್ದೇನೆ.

ನನ್ನ ಸೋದರಮಾವ ಅರ್ಗಿರಿಸ್ ಯಾನಿನಾ ಪಟ್ಟಣದಲ್ಲಿ, ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಪಡಿಯಚ್ಚು ತೆಗೆಯುವವರು. ಹಳೆಯ ಶಾಸನದ ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಬಡಿದು, ಒಣಗಿದ ಮೇಲೆ ಬಿಡಿಸುತ್ತಾರೆ. ಆಗ ಅಕ್ಷರಗಳೆಲ್ಲ ಕಾಗದಕ್ಕೆ ಇಳಿದಿರುತ್ತವೆ. ಕಲ್ಲು ಬೆಟ್ಟದಲ್ಲೇ ಉಳಿದರೂ ಓದುವವರು ವಿಭಾಗದಲ್ಲಿ ಕೂತು ಓದಬಹುದು. ಕಲ್ಲು ಹಾಳಾದರೆ ಆ ಕಾಗದವೇ ಗತಿ.

ಮೂವತ್ತೊಂದು ವರ್ಷದಿಂದ ಅಲ್ಲಿನ ದಪ್ಪ ದಾಖಲೆ ಪುಸ್ತಕವನ್ನು ಬರೆಯುತ್ತಿರುವವರೂ ಮಾವನೇ. ಕಲ್ಲು ಎಲ್ಲಿ ಸಿಕ್ಕಿತು, ಎಷ್ಟು ಉದ್ದಗಲ, ಅಚ್ಚು ಯಾವತ್ತು ತೆಗೆದದ್ದು. ಕೊನೆಯ ಕಾಲಂ, ಕಲ್ಲು ಈಗ ಎಲ್ಲಿದೆ. ತಾವು ಕಣ್ಣಾರೆ ನೋಡದ್ದನ್ನು ಅವರು ಅದರಲ್ಲಿ ಬರೆದವರಲ್ಲ.

ಅವರ ಒಬ್ಬಳೇ ಮಗಳು ಫೋತಿನಿ ಹತ್ತೊಂಬತ್ತಕ್ಕೆ ಜ್ವರದಲ್ಲಿ ತೀರಿಕೊಂಡಳು. ಮಾವ ಗೋರಿಯ ಕಲ್ಲಿಗೆ ತಾವೇ ಅಕ್ಷರ ಬರೆದುಕೊಟ್ಟರು, ಎರಡು ಸಾವಿರ ವರ್ಷದ ಹಿಂದಿನ ಅಕ್ಷರಗಳ ಮಾದರಿಯಲ್ಲಿ. ಅದಕ್ಕಿಂತ ಚಂದದ್ದು ಅವರಿಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಗೋರಿ ಮೂರು ವರ್ಷಕ್ಕೆ ಮಾತ್ರ. ಆಮೇಲೆ ಮೂಳೆಗಳನ್ನು ತೆಗೆದು ದ್ರಾಕ್ಷಾರಸದಲ್ಲಿ ತೊಳೆದು ಪೆಟ್ಟಿಗೆಯಲ್ಲಿಡುತ್ತಾರೆ, ಜಾಗ ಇನ್ನೊಬ್ಬರಿಗೆ. ಫೋತಿನಿಯ ಗೋರಿ ತೆಗೆಯುವ ಹಿಂದಿನ ದಿನ ಮಾವ ಹೋಗಿ ಮಗಳ ಕಲ್ಲಿನ ಪಡಿಯಚ್ಚು ತೆಗೆದರು. ವಿಭಾಗದ ಒಳ್ಳೆಯ ಹಾಳೆ ಮುಟ್ಟದೆ ಹರಿದುಳಿದ ಅರ್ಧ ಹಾಳೆ ಒಯ್ದಿದ್ದರಿಂದ ಕಲ್ಲಿನ ಕೆಳಗಿದ್ದ ಇಸವಿ ಹಾಳೆಯ ಹೊರಗೇ ಉಳಿಯಿತು. ಮರುದಿನ ಕೆಲಸದವರು ಎತ್ತುವಾಗ ಕಲ್ಲು ಜಾರಿ ಮೂರು ಹೋಳಾಯಿತು. ಹೋಳುಗಳು ಮಣ್ಣಿನ ಜೊತೆ ಲಾರಿಯಲ್ಲಿ ಹೋದವು.

ಕಲ್ಯೋಪಿ ಅತ್ತೆಗೆ ಮಾವ ಇದನ್ನು ಹೇಳಲಿಲ್ಲ. ಕಲ್ಲನ್ನು ಸ್ಮಶಾನದ ಉಗ್ರಾಣದಲ್ಲಿ ಜೋಪಾನವಾಗಿಟ್ಟಿದ್ದಾರೆ ಎಂದರು. ಅತ್ತೆ ಅದನ್ನೇ ನಂಬಿ ಕೂತರು.

"ಬರೋ ವರ್ಷ ಈಸ್ಟರ್‌ಗೆ ನಮ್ಮಣ್ಣ ಗಾಡಿ ತರ್ತಾನಂತೆ, ಅರ್ಗಿರಿ. ಕಲ್ಲನ್ನ ಹಳ್ಳಿಗೆ ಒಯ್ದು ಅಮ್ಮನ ಅಂಗಳದಲ್ಲಿ ನಿಲ್ಸೋಣ. ಅಂಜೂರದ ಗಿಡದ ಕೆಳಗೆ ಜಾಗ ಮಾಡಿಸಿದೀನಿ."

"ಆಗಲಿ."

"ಹೋಗಿ ನೋಡಿ ಬರ್ತಿದೀಯ ತಾನೆ? ಮಳೆ ಬೀಳ್ತಿಲ್ಲ ತಾನೆ ಅದರ ಮೇಲೆ?"

"ಇಲ್ಲ."

ಎಂಟು ತಿಂಗಳು ಹೀಗೇ ನಡೆಯಿತು. ಆ ಅರ್ಧ ಹಾಳೆಗೆ ಮಾವ ಸಂಖ್ಯೆ ಕೊಟ್ಟಿರಲಿಲ್ಲ. ಹೊಸಬರು ಓದಿ ಕಲಿಯುವ ಹಾಳೆಗಳ ಡ್ರಾಯರಿನಲ್ಲಿ, ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದರು.

ನವೆಂಬರಿನಲ್ಲಿ, ಶಾಸನ ಓದುವುದನ್ನು ಕಲಿಸುವ ಮೆಲ್ಪೊ ಮೇಡಂ ಪಾಠಕ್ಕೆಂದು ಆ ಡ್ರಾಯರಿಗೆ ಕೈಹಾಕಿದಾಗ ಬಂದದ್ದು ಅದೇ ಹಾಳೆ. ಮಾವ ದೀಪ ಹೊಂದಿಸಲು ಒಳಗೆ ಬರುವಷ್ಟರಲ್ಲಿ ಅದು ಮೇಜಿನ ಮೇಲಿತ್ತು.

"ದೊಡ್ಡಪ್ಪ, ದೀಪ ಸ್ವಲ್ಪ ವಾರೆ ಮಾಡಿ, ಅಕ್ಷರದ ನೆರಳು ಕಾಣ್ಲಿ," ಎಂದಳು ರಾನಿಯಾ ಎಂಬ ಹುಡುಗಿ. ವಿದ್ಯಾರ್ಥಿಗಳೆಲ್ಲ ಮಾವನನ್ನು ಹಾಗೇ ಕರೆಯುವುದು.

ಮಾವ ವಾರೆ ಮಾಡಿದರು. ಬೇರೇನು ಮಾಡಬೇಕೆಂದು ಅವರಿಗೆ ತೋಚಲಿಲ್ಲವಂತೆ.

"ಮೊದಲ ಸಾಲು, ಫೋತಿನಿ. ಮೂರನೇದು, ಹತ್ತೊಂಬತ್ತು ವರ್ಷ ಬದುಕಿದಳು. ನಡುವಿನದು ಇಕ್ಕಟ್ಟಾಗಿದೆ ಮೇಡಂ. ಇಂಥವನ ಮಗಳು ಅಂತ ಇರ್ಬೇಕು."

ಸ್ತೆರ್ಗಿಯೋಸ್ ಎಂಬ ಹುಡುಗ ನಕ್ಕ. "ಅಪ್ಪನ ಹೆಸರಿಗೇ ಜಾಗ ಸಾಲ್ಲಿಲ್ಲ ನೋಡಿ! ಮಗಳಿಗೆ ಇಷ್ಟು ಚಿಕ್ಕ ಕಲ್ಲು ತಂದಿದಾನೆ ಅಂದ್ರೆ ಭಾರಿ ಜುಗ್ಗ."

"ಕಲ್ಲಲ್ಲಿ ಇರೋದನ್ನ ಹೇಳಪ್ಪ, ನಿನ್ನ ತಲೇಲಿ ಇರೋದನ್ನಲ್ಲ," ಎಂದರು ಮೇಡಂ.

"ಅವನು ಜುಗ್ಗ ಅಲ್ಲ," ಎಂದಳು ರಾನಿಯಾ, ಬೆರಳಾಡಿಸುತ್ತ. "ಒಂದೊಂದು ಅಕ್ಷರಾನೂ ಅಳೆದು ಬರೆಸಿದಾನೆ. ತನ್ನ ಹೆಸರು ಬಂದಾಗ ಮಾತ್ರ ಹಿಂಡಿ ಹಾಕಿದಾನೆ, ಮಗಳ ಹೆಸರು ದೊಡ್ಡದಾಗಿ ಕಾಣ್ಲಿ ಅಂತ." ಆಮೇಲೆ ನಿಧಾನವಾಗಿ ಓದಿದಳು. "ಅರ್... ಗಿ... ಅರ್ಗಿರಿಸನ. ಮೇಡಂ, ಈ ಹೆಸರು ಆ ಕಾಲದ್ದಲ್ಲ..."

ಅಷ್ಟೇ. ಎಲ್ಲರೂ ದೀಪ ಹಿಡಿದಿದ್ದ ಮಾವನ ಕಡೆ ತಿರುಗಿದರು. ಸ್ತೆರ್ಗಿಯೋಸ್ ಎದ್ದು ನಿಂತ. "ದೊಡ್ಡಪ್ಪ, ನಂಗೆ ಗೊತ್ತಿರ್ಲಿಲ್ಲ," ಎಂದ.

"ಕೂತ್ಕೊಳ್ಳಪ್ಪ. ಕಲ್ಲು ಚಿಕ್ಕದೇ ಇತ್ತು," ಎಂದರು ಮಾವ.

ಹುಡುಗರು ಹೋದ ಮೇಲೆ ಮೇಡಂ ದಾಖಲೆ ಪುಸ್ತಕವನ್ನು ಮಾವನ ಮುಂದಿಟ್ಟರು.

"ಸಂಖ್ಯೆ ಇಲ್ಲದ ಹಾಳೆ ನಾಳೆ ರದ್ದಿಗೆ ಹೋಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಬರೀರಿ."

"ಹಳೇ ಕಲ್ಲಲ್ಲವಲ್ಲ ಮೇಡಂ ಇದು."

"ಆಗುತ್ತೆ. ಇನ್ನೂರು ವರ್ಷ ಕಳೆದು ಇಲ್ಲಿಗೆ ಬರೋ ಹುಡುಗಿಗೆ ಇದೂ ಹಳೇದೇ."

ಮಾವ ಬರೆದರು. ಸಂಖ್ಯೆ ೩೮೦೭. ಯಾನಿನಾದ ಸ್ಮಶಾನ. ಉದ್ದ, ಅಗಲ, ದಿನ. ಕೊನೆಯ ಕಾಲಂಗೆ ಬಂದಾಗ ಪೆನ್ನು ನಿಂತಿತು. ಮನೆಯಲ್ಲಿ ಎಂಟು ತಿಂಗಳು ಹೇಳಿದ್ದನ್ನು ಆ ಪುಸ್ತಕದಲ್ಲಿ ಬರೆಯಲು ಅವರಿಂದಾಗಲಿಲ್ಲ. "ಒಡೆದಿದೆ. ಈಗ ಇಲ್ಲ," ಎಂದು ಬರೆದರು.

ಮಧ್ಯಾಹ್ನ ಮನೆಗೆ ಬಂದವರು ಕೋಟು ಬಿಚ್ಚಲಿಲ್ಲ. ಅತ್ತೆ ಹುರುಳಿಕಾಯಿ ಸೋಸುತ್ತಿದ್ದರು. ಮಾವ ಬಾಗಿಲಲ್ಲೇ ನಿಂತು, ಕಲ್ಲಿನ ವಿಷಯವನ್ನು ಪುಸ್ತಕದಲ್ಲಿ ಬರೆದ ಅವೇ ಮಾತುಗಳಲ್ಲಿ ಹೇಳಿದರು, ಅದರ ಪಡಿಯಚ್ಚಿನ ಕಾಗದ ವಿಭಾಗದಲ್ಲಿದೆ ಎಂದೂ ಹೇಳಿದರು. ಅತ್ತೆ ಕೂಗಾಡುತ್ತಾರೆಂದು ನಾನು ಕಾದೆ. ಅವರು ಒಂದೊಂದೇ ಕಾಯಿಯ ನಾರು ತೆಗೆಯುತ್ತಲೇ ಇದ್ದರು.

ಕಾಯಿಯ ಬುಟ್ಟಿ ಬರಿದಾದ ಮೇಲೆ ಕೇಳಿದರು. "ಆ ಕಾಗದ ಮುಟ್ಟಿದ್ರೆ ಅವಳ ಹೆಸರು ಕೈಗೆ ಸಿಗುತ್ತಾ?"

"ಸಿಗುತ್ತೆ. ಕಲ್ಲಿಗೆ ತಾಗಿದ್ದ ಮಗ್ಗುಲಲ್ಲಿ ಉಬ್ಬಿದೆ. ಆದ್ರೆ ತಿರುಗುಮುರುಗಾಗಿ ಇರುತ್ತೆ, ಕಲ್ಯೋಪಿ."

"ನಂಗೆ ಕಲ್ಲಿನ ಮೇಲೆ ಸರಿಯಾಗಿದ್ದ ಆ ಹಳೇ ಅಕ್ಷರಾನೇ ಓದೋಕೆ ಬರ್ತಿರ್ಲಿಲ್ಲ. ಬೆರಳಲ್ಲೇ ಗುರುತು ಹಿಡೀತಿದ್ದೆ," ಎಂದರು ಅತ್ತೆ. "ಇನ್ನು ಅದೂ ತಿರುಗುಮುರುಗಾ."

ಮರುದಿನ ಅವರು ಅಣ್ಣನಿಗೆ ಫೋನ್ ಮಾಡಿ ಈಸ್ಟರ್‌ಗೆ ಗಾಡಿ ಬೇಡ ಎಂದರು. ಕಾರಣ ಹೇಳಲಿಲ್ಲ. ವಿಭಾಗಕ್ಕೆ ಅವರು ಇನ್ನೂ ಹೋಗಿಲ್ಲ.