ಕೊಳಲಿನ ಹಿಸ್ಸಾ

ಹೋದ ವಾರ ನಮ್ಮ ಯಾದಗಿರಿಯ ಮನೆಗೆ ನಳ ರಿಪೇರಿಯವನು ಬಂದಿದ್ದ. ಬಚ್ಚಲಿನ ಪೈಪು ಸೀಳಿತ್ತು. ಜೋಡಿಸುವ ತುಂಡು ಚೀಲದಲ್ಲಿ ಇಲ್ಲವೆಂದು ಕಂಡು, ಅವನು ಹಳೆಯ ಪೇಪರಿಗೆ ಕಡ್ಡಿ ಗೀರಿ, ಪೈಪಿನ ಬಾಯನ್ನು ಉರಿಯ ಮೇಲೆ ತಿರುಗಿಸುತ್ತ ಮೆತ್ತಗೆ ಮಾಡತೊಡಗಿದ. ಅದರ ವಾಸನೆ ಬಚ್ಚಲಿನಿಂದ ಹೊರಟು ಅಡುಗೆಮನೆಗೆ ಬಂತು. ಒಳ್ಳೆಯ ವಾಸನೆಯೇನೂ ಅಲ್ಲ. ಒಮ್ಮೆ ಮೂಗಿನಲ್ಲಿ ಕುಳಿತರೆ ಸಂಜೆಯ ತನಕ ಏಳುವುದಿಲ್ಲ. ಮಗಳು ದುಪಟ್ಟಾ ಮೂಗಿಗೆ ಹಿಡಿದು ಕಿಟಕಿ ತೆಗೆದಳು. ನಾನು ಮಾತ್ರ ಒಲೆ ಸಣ್ಣ ಮಾಡಿ, ಬಚ್ಚಲ ಬಾಗಿಲಿಗೆ ಹೋಗಿ ನಿಂತು ಗಟ್ಟಿಯಾಗಿ ಉಸಿರೆಳೆದುಕೊಂಡೆ. ಅವನು ತಲೆ ಎತ್ತಿ ನೋಡಿ, "ಆ ಕಡೆ ಸರೀರಿ ಅಕ್ಕಾರ, ಹೊಗಿ ಒಳ್ಳೇದಲ್ಲ" ಎಂದ. ನಿಮಗೂ ಯಾವುದೋ ಒಂದು ಕೆಟ್ಟ ವಾಸನೆ ಹೀಗೆ ಪ್ರೀತಿಯದಾಗಿರಬಹುದು. ಯಾರಿಗೂ ಹೇಳಿರಲಿಕ್ಕಿಲ್ಲ, ಅಷ್ಟೆ.

ನನಗೆ ಅದು ನನ್ನ ಮಾವನ ವಾಸನೆ. ನಾನು ಶಹಾಪುರದ ಟೇಲರನ ಮಗಳು. ಕುರಿಯೆಂದರೆ ಬಸ್ಸಿಗೆ ಅಡ್ಡ ಬಂದು ಡ್ರೈವರನ ಕೈಲಿ ಬೈಸಿಕೊಳ್ಳುವ ಪ್ರಾಣಿ ಎಂದಷ್ಟೇ ಗೊತ್ತಿದ್ದವಳು. ಅಂಥವಳನ್ನು ಕೆಂಭಾವಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಕುರಿ ಸಾಕುವ ಮನೆಗೆ ಕೊಟ್ಟರು. ನನ್ನವರು ಬಸ್ ಕಂಡಕ್ಟರು; ಮದುವೆಯಾದ ವಾರಕ್ಕೇ ಡ್ಯೂಟಿಗೆ ಹೋದರು. ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ, ಮಾವ ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಾದ ಸರಳಿನಿಂದ ಬಿಳಿಯ ಪ್ಲಾಸ್ಟಿಕ್ ಪೈಪಿಗೆ ತೂತು ಹಾಕುತ್ತಿದ್ದರು. ಹೊಸ ಸೊಸೆ ಸುಮ್ಮನಿರಬಾರದಲ್ಲ, ಏನಾದರೂ ಮಾತಾಡಬೇಕೆಂದು ನಾನು, "ನಳ ಎಲ್ಲಿ ಕೂಡ್ಸಾಕತ್ತೀರಿ ಮಾಂವ?" ಎಂದು ಕೇಳಿದೆ.

"ನಳ ಅಲ್ಲವ್ವ, ಕೊಳಲ. ನಮ್ಮಪ್ಪನ ಕೊಳಲ ಮಾಡಾಕತ್ತೇನಿ."

ಅವರ ಅಪ್ಪ ತೀರಿಕೊಂಡಿದ್ದು ನನ್ನ ಮದುವೆಗೆ ಮೊದಲು. ತೀರಿಕೊಂಡವರ ಕೊಳಲನ್ನು ಈಗ, ಅದೂ ಪೈಪಿನಲ್ಲಿ, ಹೇಗೆ ಮಾಡುತ್ತಾರೆಂದು ತಿಳಿಯದೆ ತಲೆಯಾಡಿಸಿದೆ. ಆಮೇಲೆ ರೊಟ್ಟಿ ಬಡಿಯುತ್ತ ಅತ್ತೆ ಎಲ್ಲ ಹೇಳಿದರು.

ಆ ಅಜ್ಜನ ಹತ್ತಿರ ಬಿದಿರಿನ ಒಂದು ಕೊಳಲಿತ್ತಂತೆ. ಹಾಡು ನುಡಿಸುವ ಕೊಳಲಲ್ಲ, ಕುರಿ ಕರೆಯುವ ಕೊಳಲು. ಸಂಜೆ ಎಲ್ಲ ತೂತನ್ನೂ ಮುಚ್ಚಿ ಒಂದು ಉದ್ದನೆಯ ತಳದ ದನಿ ಊದಿದರೆ ಹಿಂಡು ಮೇವು ಬಿಟ್ಟು ಹೊರಡುತ್ತಿತ್ತು. ಬೇರೆಯವರು ಏನು ಊದಿದರೂ ಆ ಕುರಿಗಳು ಕಿವಿ ಕೊಡುತ್ತಿರಲಿಲ್ಲ. ಅಜ್ಜ ಸತ್ತ ದಿನ ಮಾವ ಹಿಂಡಿನ ಜೊತೆ ಹುಣಸಗಿಯ ಕಡೆ ಹೋಗಿದ್ದರು. ಸುದ್ದಿ ತಿಳಿದು ಬರುವಷ್ಟರಲ್ಲಿ ಅವರ ಅಣ್ಣ, ಅಂದರೆ ನನ್ನ ದೊಡ್ಡಮಾವ, ಅಪ್ಪನನ್ನು ಹೂಳಿ ಮಣ್ಣು ಮುಗಿಸಿದ್ದರು. ಅಪ್ಪನ ಕೊಳಲನ್ನೂ ಅಪ್ಪನ ಪಕ್ಕದಲ್ಲೇ ಇಟ್ಟುಬಿಟ್ಟಿದ್ದರು. ಮಾವ ಕೇಳಿದ್ದು ಒಂದೇ ಮಾತಂತೆ: "ನನ್ನ ಹಾದಿ ಯಾಕ ನೋಡಲಿಲ್ಲ?" ಅಂದಿನಿಂದ ಇಬ್ಬರ ಮಾತು ನಿಂತಿತು, ಅದೇ ವರ್ಷ ಹಿಸ್ಸಾ ಆಯಿತು.

ಹಿಸ್ಸಾ ಆದದ್ದಾದರೂ ಹೇಗೆ. ಹಿಂಡನ್ನು ಸಮನಾಗಿ ಒಡೆದರು, ಹೊಲ ಒಡೆದರು, ಕಂಬಳಿ ಒಡೆದರು. ಬೀಸುವ ಕಲ್ಲಿನ ಮೇಲಿನದು ಅಣ್ಣನಿಗೆ, ಕೆಳಗಿನದು ತಮ್ಮನಿಗೆ ಬಂತೆಂದು ಅತ್ತೆ ಹೇಳಿದಾಗ ನಾನು ನಂಬಿರಲಿಲ್ಲ. ಅವರು ಎದ್ದು ಹೋಗಿ, ಹಿತ್ತಲಲ್ಲಿ ಕೋಳಿ ನೀರು ಕುಡಿಯಲು ಇಟ್ಟಿದ್ದ ಆ ಕೆಳಗಿನ ಕಲ್ಲನ್ನು ತೋರಿಸಿದರು. ದೊಡ್ಡಮಾವ ಕಾಲುವೆಯ ಆಚೆ ಹೊಲದಲ್ಲಿ ಮನೆ ಕಟ್ಟಿಕೊಂಡರು, ಇವರು ಈಚೆ ಉಳಿದರು. ಕುರಿಗಳು ಮಾತ್ರ ಯಾರ ಮಾತನ್ನೂ ಕೇಳದೆ ಅಲೆಯತೊಡಗಿದವು. ಅವುಗಳ ಪಾಲಿಗೆ ಕರೆಯುವವನೇ ಹೋಗಿದ್ದ.

ಮಾವ ಮೊದಲು ಬಿದಿರಿನಲ್ಲೇ ಹೊಸ ಕೊಳಲು ಮಾಡಿ ನೋಡಿದ್ದರಂತೆ. ಒಂದು ದಪ್ಪವಾಗಿತ್ತು, ಒಂದು ಸೊಟ್ಟಗಿತ್ತು, ಯಾವುದೂ ಅಪ್ಪನ ದನಿ ಕೊಡಲಿಲ್ಲ. ಅಷ್ಟರಲ್ಲಿ ಕಾಲುವೆಯ ನೀರು ಹೊಲಕ್ಕೆ ಏರಿಸಲು ಊರ ತುಂಬ ಪೈಪು ಹಾಕತೊಡಗಿದ್ದರು. ಎಲ್ಲರ ಬದುವಿನಲ್ಲೂ ಉಳಿದ ತುಂಡುಗಳು ಬಿದ್ದಿರುತ್ತಿದ್ದವು. ಪೈಪಿನ ಗುಣವೆಂದರೆ ಎಲ್ಲ ತುಂಡೂ ಒಂದೇ ದಪ್ಪ, ಒಂದೇ ಪೊಳ್ಳು. ಉದ್ದವೊಂದನ್ನು ಸರಿ ಹಿಡಿದರೆ ಸಾಕು ಎಂಬುದು ಅವರ ಲೆಕ್ಕ. ಅಪ್ಪನ ಕೊಳಲು ಅಪ್ಪನ ಮೊಣಕೈಯಿಂದ ಬೆರಳ ತುದಿಗೆ ಬರುತ್ತಿತ್ತು. ಆದರೆ ಆ ಕೈಯನ್ನು ಈಗ ಎಲ್ಲಿ ಹುಡುಕುವುದು.

ಹಾಗಾಗಿ ಕತ್ತರಿಸುವುದು, ಊದುವುದು, ಮತ್ತೆ ಒಂದಿಷ್ಟು ಕತ್ತರಿಸುವುದು. ಸ್ವಲ್ಪ ಹೆಚ್ಚು ಕತ್ತರಿಸಿದರೆ ಕೆಟ್ಟಿತು. ಮತ್ತೊಂದು ತುಂಡಿಗೆ ಮತ್ತೆ ತೂತು, ಮತ್ತೆ ವಾಸನೆ. ಕೆಟ್ಟ ಕೊಳಲುಗಳು ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಬರಲಿಲ್ಲ ಹೇಳಿ. ಒಂದು ಬಟ್ಟೆ ಒಣಗಿಸುವ ತಂತಿಗೆ ಏರಿತು, ಇನ್ನೊಂದು, ತೂತುಗಳನ್ನು ಬೆರಳಿನಿಂದ ಮುಚ್ಚಿ, ಕರುವಿಗೆ ಔಷಧಿ ಕುಡಿಸಲು ಹೋಯಿತು. ಕೊಳಲಿನ ಒಂದು ತುದಿ ಮುಚ್ಚಲು ಬಿರಡೆ ಬೇಕಲ್ಲ, ಅದಕ್ಕೆ ಹವಾಯಿ ಚಪ್ಪಲಿಯ ರಬ್ಬರನ್ನು ಗುಂಡಗೆ ಕೊರೆಯುತ್ತಿದ್ದರು. ಹಳೆಯ ಚಪ್ಪಲಿ ಮುಗಿದ ಮೇಲೆ ಅತ್ತೆಯ ಹೊಸ ಚಪ್ಪಲಿಯ ಹಿಮ್ಮಡಿಯಲ್ಲೊಂದು ಗುಂಡು ಕಿಟಕಿ ಕಾಣಿಸಿತು. ಅತ್ತೆ ಅದನ್ನೇ ಮೆಟ್ಟಿಕೊಂಡು ಕೆಂಭಾವಿಯ ಸಂತೆಗೆ ಹೋಗಿ, ಕೇಳಿದವರಿಗೆಲ್ಲ, "ನಮ್ಮವರು ಕೊಳಲ ಊದತಾರ, ನನ್ನ ಕಾಲಿಗೆ ಮುಳ್ಳ ಚುಚ್ಚತಾವ" ಎಂದು ಹೇಳಿ ಬಂದರು.

ನಾನೂ ಕಲಿಯಲು ಹೋದೆ. ಟೇಲರನ ಮಗಳಿಗೆ ಬೆರಳು ಚುರುಕು ಎಂಬ ಜಂಬ ನನಗಿತ್ತು. ಬೆರಳು ಸರಿಯಾಗಿಯೇ ಕುಳಿತವು, ದನಿ ಮಾತ್ರ ಹೊರಡಲಿಲ್ಲ. ಊದಿ ಊದಿ ತಲೆ ತಿರುಗಿ ಕಟ್ಟೆಯ ಮೇಲೆ ಕುಳಿತೆ. ಮಾವ ನಗಲಿಲ್ಲ. "ಚಾ ಆರಸಾಕ ಊದಿದಂಗ ಊದಾಕತ್ತಿದಿ. ಯಾರನ್ನರ ಕರೀಬೇಕವ್ವ, ಅಂದ್ರ ಬರತದ" ಎಂದರು. ಕರೆಯಲು ನನಗೆ ಯಾರಿದ್ದರು, ನನ್ನವರು ಬಸ್ಸಿನಲ್ಲಿದ್ದರು. ಇಂದಿಗೂ ನನ್ನ ಕೊಳಲಿನಲ್ಲಿ ಬರುವುದು ಬರೀ ಗಾಳಿ.

ಸರಿಯಾದ ಕೊಳಲು ಬಂದದ್ದನ್ನು ಮೊದಲು ಗುರುತಿಸಿದ್ದು ಮಾವನೂ ಅಲ್ಲ, ಒಂದು ಮುದಿ ಕುರಿ. ಆ ಸಂಜೆ ನಾನು ಕುರಿದೊಡ್ಡಿಯ ಬಾಗಿಲಲ್ಲಿ ನಿಂತಿದ್ದೆ. ಮಾವ ಎಂದಿನಂತೆ ತುದಿಯನ್ನು ಬ್ಲೇಡಿನಿಂದ ಕೊಂಚ ಹೆರೆದು, ಎಲ್ಲ ತೂತು ಮುಚ್ಚಿ ಊದಿದರು. ಬಾಯಾಡಿಸುತ್ತಿದ್ದ ಆ ಕುರಿ ಬಾಯಿ ನಿಲ್ಲಿಸಿತು. ಎದ್ದಿತು. ನೇರ ಬಂದು ಮಾವನ ಮೊಣಕಾಲಿಗೆ ಮೂತಿ ಹಚ್ಚಿ ನಿಂತಿತು. ಅದರ ಹಿಂದೆ ಉಳಿದವು ಎದ್ದವು. ಮಾವ ಕೊಳಲು ಇಳಿಸಿ, "ಅಪ್ಪಾ" ಎಂದು ಮೆಲ್ಲಗೆ ಅಂದರು. ನನಗೆ ಅಳು ಬಂತು. ನಾನು ಆ ಅಜ್ಜನ ಮುಖವನ್ನೇ ನೋಡಿದವಳಲ್ಲ, ಆದರೂ ಬಂತು.

ದನಿ ಕಾಲುವೆ ದಾಟದೆ ಇರುತ್ತದೆಯೆ. ಎರಡು ದಿನ ಬಿಟ್ಟು ದೊಡ್ಡಮಾವನ ಹೆಂಡತಿ ಬಂದರು. ಗಂಡಂದಿರು ಮಾತು ಬಿಟ್ಟರೂ ಹೆಂಗಸರು ಬಿಟ್ಟಿರಲಿಲ್ಲ. ಮೊಸರು, ಹೆಪ್ಪು ಎಂದು ನಡೆದೇ ಇತ್ತು. ಅವರು ಕಟ್ಟೆಯ ಮೇಲೆ ಕುಳಿತು ಅತ್ತೆಗೆ ಹೇಳಿದರು, ಮಾವನಿಗೆ ಕೇಳುವ ಹಾಗೆ: "ನಿನ್ನಿ ಸಂಜಿಕ ಆ ಆವಾಜ್ ಕೇಳಿ ಇವರು ಉಣಲಿಲ್ಲ ನೋಡವ್ವ. ಗಂಗಾಳ ಸರಿಸಿ ಹೊರಗ ಹೋಗಿ ನಿಂತರು."

ಮಾವ ಎದ್ದುಹೋಗಿ ಇನ್ನೊಂದು ತುಂಡು ತಂದರು. ಅದನ್ನು ತಮ್ಮ ಕೊಳಲಿನ ಪಕ್ಕಕ್ಕೆ ಹಗ್ಗದಿಂದ ಬಿಗಿದು, ಇದರ ತೂತಿನ ಎದುರಿಗೇ ಅದಕ್ಕೂ ತೂತು, ಕೂದಲೆಳೆಯ ವ್ಯತ್ಯಾಸ ಬಾರದಂತೆ ಹಾಕಿದರು. "ಬರಾಬರ್ ಇರಬೇಕು. ನಾಳಿ ನಂದು ಉದ್ದ ನಿಂದು ಗಿಡ್ಡ ಅಂತ ತಕರಾರು ಬರಬಾರದು" ಎಂದು ಹೇಳಿ ಹೊಸ ಕೊಳಲನ್ನು ಅತ್ತಿಗೆಯ ಕೈಗೆ ಕೊಟ್ಟರು. ಬೀಸುವ ಕಲ್ಲನ್ನೂ ಸಮನಾಗಿ ಒಡೆದುಕೊಂಡ ಮನೆತನ, ಇನ್ನು ಹೇಗೆ ಯೋಚಿಸೀತು. ನಾನೂ ಪಕ್ಕದಲ್ಲಿ ಕುಳಿತು, ಎಷ್ಟು ನ್ಯಾಯದ ಮನುಷ್ಯ ಎಂದು ಮೆಚ್ಚಿಕೊಂಡೆ.

ಮರುದಿನ ಸಂಜೆ ಆಚೆ ದಡದಲ್ಲಿ ದೊಡ್ಡಮಾವ ಊದಿದರು, ಈಚೆ ದಡದಲ್ಲಿ ಮಾವ ಊದಿದರು. ಎರಡೂ ಹಿಂಡು ಒಮ್ಮೆಲೇ ತಲೆ ಎತ್ತಿದವು. ಅಲ್ಲಿಯವು ಇಲ್ಲಿಗೆ, ಇಲ್ಲಿಯವು ಅಲ್ಲಿಗೆ ಹೊರಟು, ಕಾಲುವೆಯ ಸಣ್ಣ ಸೇತುವೆಯ ಮೇಲೆ ಸಿಕ್ಕಿಕೊಂಡವು. ತಮ್ಮವು ತಮ್ಮ ಕಡೆ ಬರಲೆಂದು ಇಬ್ಬರೂ ಇನ್ನಷ್ಟು ಜೋರಾಗಿ ಊದಿದರು. ಕುರಿಗಳು ಇನ್ನಷ್ಟು ಸಿಕ್ಕಿಕೊಂಡವು.

"ಏ, ನಿಂದು ಬಂದ್ ಮಾಡೋ" ಎಂದರು ದೊಡ್ಡಮಾವ.

"ಮೊದಲ ನಿಂದು ಬಂದ್ ಮಾಡು" ಎಂದರು ಮಾವ.

ಹಿಸ್ಸಾ ಆದ ಮೇಲೆ ಅಣ್ಣ ತಮ್ಮ ಆಡಿದ ಮೊದಲ ಮಾತು ಅದು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಾನು ನಗುತ್ತಿದ್ದೆ. ಅತ್ತೆ ಮೊಣಕೈಯಿಂದ ತಿವಿದರು.

"ಯಾವ ಅಳತಿಲೆ ಮಾಡಿದಿ ಇದನ್ನ?" ಎಂದರು ದೊಡ್ಡಮಾವ.

"ನಂದೂ ನಿಂದೂ ಒಂದ ಅಳತಿ. ಬರಾಬರ್ ಮಾಡೇನಿ."

"ನಮಗ ಹಿಸ್ಸಾ ಆಗ್ಯಾದ. ಕುರಿಗೆ ಹೆಂಗ ಗೊತ್ತಾಗಬೇಕು?"

ಗುರುತಿಗೆಂದು ಬೆನ್ನಿನ ಮೇಲೆ ಹಚ್ಚಿದ್ದ ಕೆಂಪು ಬಣ್ಣ, ನೀಲಿ ಬಣ್ಣ ನೋಡಿ, ಕಾಲು ಹಿಡಿದೆಳೆದು, ಇಬ್ಬರೂ ಕತ್ತಲಾಗುವ ತನಕ ಬೇರೆ ಮಾಡಿದರು.

ಮುಂಜಾನೆ ದೊಡ್ಡಮಾವ ತಾವೇ ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಕೊಳಲಿತ್ತು. ಕುಳಿತು, "ಎರಡರಾಗ ಒಂದು ಕತ್ತರಸಬೇಕು" ಎಂದರು. ಮಾವ ಹೂಂ ಎಂದರು. ಆದರೆ ಬ್ಲೇಡಿಗೆ ಇಬ್ಬರೂ ಕೈ ಹಾಕಲಿಲ್ಲ. ಕತ್ತರಿಸಿದ ಕೊಳಲಿಗೆ ಆ ತಳದ ದನಿ ಇನ್ನು ಬರುವುದಿಲ್ಲ. ಅಂದರೆ ಇಬ್ಬರಲ್ಲಿ ಒಬ್ಬರಿಗೆ ಅಪ್ಪನ ದನಿ ಇರುವುದಿಲ್ಲ. ಅತ್ತೆ ತಂದಿಟ್ಟ ಚಾ ಆರಿತು. ದೊಡ್ಡಮಾವ ತಮ್ಮ ಕೊಳಲನ್ನು ಎರಡೂ ಕೈಯಿಂದ ಮಡಿಲಲ್ಲಿ ಹಿಡಿದಿದ್ದರು. ಮಾವ ಆ ಕೈಗಳನ್ನು ನೋಡಿದರು, ನೋಡಿ ಗರಗಸದ ಬ್ಲೇಡು ತೆಗೆದುಕೊಂಡು, ತಮ್ಮ ಕೊಳಲಿನ ತುದಿಯನ್ನೇ ಕುಯ್ಯತೊಡಗಿದರು.

"ಯಾಕೋ?" ಎಂದರು ದೊಡ್ಡಮಾವ.

"ನೀ ದೊಡ್ಡಂವ ಇದ್ದಿ."

ದೊಡ್ಡಮಾವ, "ಭಾಳ ಗಿಡ್ಡ ಮಾಡಬ್ಯಾಡ" ಎಂದಷ್ಟೇ ಹೇಳಿ ಆರಿದ ಚಾ ಕುಡಿದರು.

ನನಗೆ ಸಿಟ್ಟು ಬಂತು. ಅಷ್ಟು ದಿನ ಕೆಂಡದ ಮುಂದೆ ಕುಳಿತವರು ಇವರು, ದನಿ ಹುಡುಕಿದವರು ಇವರು, ಕೊನೆಗೆ ದಕ್ಕಿದ್ದು ಅವರಿಗೆ. ಒಲೆಯ ಹತ್ತಿರ ಗೊಣಗಿದೆ. "ಅವರಿಬ್ಬರದು ಅವರಿಗೆ ಗೊತ್ತು, ನೀ ರೊಟ್ಟಿ ನೋಡು" ಎಂದರು ಅತ್ತೆ. ರೊಟ್ಟಿ ಸೀದಿತ್ತು.

ಗಿಡ್ಡ ಕೊಳಲಿಗೆ ಮಾವನ ಕುರಿಗಳು ಒಗ್ಗಲು ಬಹಳ ದಿನ ಹಿಡಿಯಿತು. ಸಂಜೆ ಆಚೆಯಿಂದ ಉದ್ದ ಕೊಳಲು ಕೇಳಿದರೆ ಕೆಲವು ಅತ್ತ ಹೋಗಿಬಿಡುತ್ತಿದ್ದವು. ಅವನ್ನು ತರಲು ಮಾವ ಸೇತುವೆ ದಾಟುತ್ತಿದ್ದರು. ತರಲು ಹೋದವರು ಅಣ್ಣನ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿ ಬರುತ್ತಿದ್ದರು. ಬರಬರುತ್ತ ಕುರಿಗಳು ಹೊಸ ದನಿ ಕಲಿತವು, ಒಂದೂ ಆಚೆ ಹೋಗುತ್ತಿರಲಿಲ್ಲ. ಮಾವ ಮಾತ್ರ, "ಕುರಿ ಹೋಗ್ಯಾವ ಏನು ನೋಡಿ ಬರತೇನಿ" ಎಂದು ಹೋಗುವುದನ್ನು ಬಿಡಲಿಲ್ಲ. ನನಗೆ ಯಾದಗಿರಿಯಲ್ಲಿ ಶಾಲೆಯ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಮನಸ್ಸಿನ ಮೂಲೆಯಲ್ಲಿ ನನ್ನ ಆ ಸಿಟ್ಟು ಹಾಗೇ ಇತ್ತು.

ಈ ವರ್ಷ ದೊಡ್ಡಮಾವನಿಗೆ ಲಕ್ವಾ ಹೊಡೆಯಿತು. ಬಾಯಿ ಒಂದು ಕಡೆ ವಾಲಿದೆ, ಊದಲು ಆಗುವುದಿಲ್ಲ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ಕೇಳಿ ಮರುಗಿದೆ. ಮರುಗುತ್ತಲೇ, ಇನ್ನು ಉದ್ದ ಕೊಳಲು ಮಾವನಿಗೇ ಬಂದೀತು ಎಂದೂ ಅನ್ನಿಸಿತು. ನನ್ನ ಮನಸ್ಸು ಹೀಗೆ. ನಿಮ್ಮ ಮುಂದೆ ಮುಚ್ಚಿಡುವುದೇಕೆ. ಪೈಪಿನ ವಾಸನೆ ಬಂದ ಆ ದಿನವೇ ನನ್ನವರಿಗೆ ಹೇಳಿ, ಭಾನುವಾರ ಊರಿಗೆ ಹೋದೆವು.

ಸಂಜೆ ನಾನು ಕಾಲುವೆಯ ಆಚೆ ದೊಡ್ಡಮಾವನ ಮನೆಯ ಮುಂದೆ, ಅವರು ಒರಗಿದ್ದ ಹೊರಸಿನ ಪಕ್ಕದಲ್ಲಿ ಕುಳಿತಿದ್ದೆ. ಮಾವ ಬಂದರು. ಗೂಟಕ್ಕೆ ನೇತುಹಾಕಿದ್ದ ಉದ್ದ ಕೊಳಲು ತೆಗೆದು ಊದಿದರು. ಹೊಲದಿಂದ ದೊಡ್ಡಮಾವನ ಹಿಂಡು ಬಂತು. ಒಳಗೆ ಸೇರಿಸಿ ಬಾಗಿಲು ಹಾಕಿ, ಮಾವ ಕೊಳಲನ್ನು ಮತ್ತೆ ಗೂಟಕ್ಕೇ ಹಾಕಿದರು.

"ಈಗ ಅದು ನಿಮ್ಮ ಹತ್ತರನ ಇರಲಿ ಅಲ್ರಿ ಮಾಂವ" ಎಂದು ಮೆಲ್ಲಗೆ ಅಂದೆ.

"ನನ್ನ ಹತ್ತರ ಯಾಕವ್ವ? ಅಣ್ಣ ಇಲ್ಲಿ ಕುಂತು ಕೇಳತಾನ. ಅವನ ಕುರಿ ಅವನ ಮನಿಗೆ ಬರಬೇಕು" ಎಂದು ಹೇಳಿ, ಸೇತುವೆ ದಾಟಿ ಹೋದರು.

ಹೊರಸಿನ ಮೇಲೆ ದೊಡ್ಡಮಾವ ನಮ್ಮ ಮನೆಯ ದಡ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಗಿಡ್ಡ ಕೊಳಲು ಕೇಳಿಸಿತು. ಇಷ್ಟು ವರ್ಷ ಅದನ್ನು ನಾನು ತುಂಡಾದ ಕೊಳಲು ಎಂದೇ ಕೇಳಿದ್ದೆ. ದೊಡ್ಡಮಾವ ಒಳ್ಳೆಯ ಕೈಯನ್ನು ಎತ್ತಿ ನನ್ನ ತೋಳು ಮುಟ್ಟಿದರು. ದನಿ ಬಂದ ಕಡೆ ಬೆರಳು ಮಾಡಿ, ತಿರುಗದ ನಾಲಿಗೆಯಲ್ಲಿ, ನನಗೆ ಯಾರನ್ನೋ ಪರಿಚಯ ಮಾಡಿಕೊಡುವವರಂತೆ ನಿಧಾನವಾಗಿ ಹೇಳಿದರು.

"ನಮ್ಮ ತಮ್ಮ."