ಇಕ್ಕಳಣ್ಣನ ಕೈ

ಬೇಕರಿಯಲ್ಲಿ ಅವನನ್ನು ಸ್ವಂತ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರಿಗೂ ಅವನು ಇಕ್ಕಳಣ್ಣ. ಬೇರೆಯವರು ಇಕ್ಕಳ ಹುಡುಕುವಷ್ಟರಲ್ಲಿ ಇವನು ಒಲೆಯಿಂದ ಬಂದ ಬ್ರೆಡ್ಡನ್ನು ಬರಿಗೈಯಲ್ಲೇ ಅಚ್ಚಿನಿಂದ ಬಿಡಿಸಿ ಮೇಜಿಗೆ ಹಾಕಿರುತ್ತಿದ್ದ.

ಆ ಕಸುಬಿನಲ್ಲಿ ಇದೊಂದು ಜಂಬ. ಹೊಸಬನ ಕೈ ಸುಡುತ್ತದೆ, ಹಳಬನದು ಸುಡುವುದಿಲ್ಲ. ಸುಟ್ಟರೂ ಬಾಯಿ ಬಿಡಬಾರದು. ಹಾಗಾಗಿ ಐವತ್ತು ದಾಟಿದ ಮೇಲೆ ಅವನ ಬೆರಳಿಗೆ ಬಿಸಿಯೇ ತಾಗದಂತಾದಾಗ ಯಾರಿಗೂ ಅನುಮಾನ ಬರಲಿಲ್ಲ. ಕೈ ಪಳಗಿದೆ ಎಂದರು. ಚಪ್ಪಲಿಯೊಂದು ಬೀದಿಯಲ್ಲಿ ಕಳಚಿದ್ದು ತಿಳಿಯದೆ ಅವನು ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದಾಗ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ನಗುವ ವಿಷಯವಾಗಿರಲಿಲ್ಲ ಅದು.

ಅವನ ಪಾಲಿನ ದೊಡ್ಡ ಸಂತೋಷವೆಂದರೆ ಮೊಮ್ಮಗುವಿನ ಸ್ನಾನ. ನೀರಿನ ಹದ ನೋಡುವುದು ಅಜ್ಜನ ಕೆಲಸ. ಹಿಟ್ಟಿನ ಹದ ಬಲ್ಲ ಕೈ ಮನೆಯಲ್ಲಿರುವಾಗ ಬೇರೆ ಕೈ ಯಾಕೆ?

"ಮಾವ, ನೀರು ನೋಡಿದ್ರಾ?"

ಅವನು ಬೆರಳು ಅದ್ದಿ ಕಲಕಿದ. "ಹದವಾಗಿದೆ ತಾಯಿ, ಇಳಿಸು."

ಪಾದ ನೀರಿಗೆ ತಾಗಿತೋ ಇಲ್ಲವೋ, ಕೂಸು ಕಾಲು ಮಡಚಿಕೊಂಡು ಚೀರಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ಪಾದಗಳಿಗೆ ಪಟ್ಟಿ ಸುತ್ತಿ, ಅಜ್ಜನ ಕೈ ನೋಡಿ ಬೆಚ್ಚಿದಳು. ಬೆರಳ ತುಂಬ ಬೊಬ್ಬೆ ಎದ್ದಿತ್ತು.

"ಉರೀತಿಲ್ವಾ?"

"ಇಲ್ವಲ್ಲ."

"ಕಣ್ಣು ಮುಚ್ಚಿ. ಹತ್ತಿಯಲ್ಲಿ ಮುಟ್ತೀನಿ, ಮುಟ್ಟಿದಾಗ ಹೇಳಿ."

ಅವನು ಕಾದ. ಕಾದೇ ಕಾದ. ಕೊನೆಗೆ, "ಯಾವಾಗ ಮುಟ್ತೀರಿ ಡಾಕ್ಟ್ರೇ?" ಎಂದ. ಸೊಸೆ ಮುಖ ಆಚೆ ತಿರುಗಿಸಿದಳು.

ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದಳು. "ಚರ್ಮದಿಂದ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಸುದ್ದಿ ಒಯ್ಯೋದು ನರ. ಸುಟ್ರೆ ಮೆದುಳಿಗೆ ಗೊತ್ತಾಗೋಕೆ ಮುಂಚೆನೇ ಬೆನ್ನುಹುರಿ ಹಿಂದಕ್ಕೆ ಎಳೆಯುತ್ತೆ. ಮಗು ಕಾಲು ಮಡಚಿದ್ದು ಹಾಗೇ. ನಿಮ್ಮಲ್ಲಿ ಸುದ್ದೀನೇ ಹೊರಡ್ತಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಇದೆ, ಅದು ಉದ್ದದ ನರಗಳನ್ನ ಮೊದಲು ತಿನ್ನುತ್ತೆ. ಮೊದಲು ಪಾದ, ಆಮೇಲೆ ಬೆರಳು."

"ಬೆರಳು ಆಡ್ತಾ ಇದಾವಲ್ಲ?"

"ಆಡಿಸೋ ನರ ಬೇರೆ, ಸುದ್ದಿ ತರೋ ನರ ಬೇರೆ."

"ಹೋಗಿದ್ದು ವಾಪಸ್ ಬರುತ್ತಾ?"

"ಇರೋದನ್ನ ಉಳಿಸ್ಕೊಳ್ಳೋಣ," ಎಂದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಲೀಕ ಅವನನ್ನು ಒಲೆಯಿಂದ ಬಿಡಿಸಿ ಬಾಗಿಲ ಬಳಿ ಕೂರಿಸಿದ. ಇಕ್ಕಳಣ್ಣ ಎಂಬ ಹೆಸರು ಮಾತ್ರ ಬಿಡಲಿಲ್ಲ. ಕರೆದಾಗಲೆಲ್ಲ ಅವನಿಗೆ ಕೂಸಿನ ಚೀರಾಟ ಕೇಳುತ್ತಿತ್ತು. ಸೊಸೆ ಒಂದು ಮಾತೂ ಬೈಯಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ತಾನೇ ನೀರು ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಪಾದ ವಾಸಿಯಾಗಿ ಕೂಸು ಗೋಡೆ ಹಿಡಿದು ನಡೆಯತೊಡಗಿತು. ಒಂದು ಮಧ್ಯಾಹ್ನ ಅವನು ಜಗಲಿಯಲ್ಲಿ ಕೂತು ಬೀದಿ ನೋಡುತ್ತಿದ್ದ.

"ಮಾವ, ಎದ್ದುಬಿಟ್ಟೀರಿ, ಹುಷಾರು," ಎಂದಳು ಸೊಸೆ ಒಳಗಿನಿಂದ. "ಆಗ್ಲಿಂದ ನಿಮ್ಮ ಬೆರಳು ಹಿಡ್ಕೊಂಡು ನಿಂತಿದೆ."

ಅವನು ಕೆಳಗೆ ನೋಡಿದ. ಕೂಸು ಅವನ ತೋರುಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಗುತ್ತಿತ್ತು. ಕಣ್ಣು ಆಚೆ ಹೊರಳಿಸಿದರೆ ಆ ಕೈ ಅವನ ಪಾಲಿಗೆ ಇಲ್ಲ. ಅದು ತಾನಾಗಿ ಬಿಡುವವರೆಗೂ ಅವನು ರೆಪ್ಪೆ ಹೊಡೆಯದೆ ನೋಡುತ್ತ ಕುಳಿತ.